ಉಪ್ಪುನೀರಿನ ತಳದಲ್ಲಿ ಟೆಲಿಸ್ಕೋಪ್ ಬಾಳುವುದು ಹೇಗೆ?

ಪ್ರಶ್ನೆ: ನಾನು ಕುಮಟಾ ಕಡೆಯವನು. ಮುಂಬಯಿ ಬಂದರಿನ ಟಗ್‌ಗಳಲ್ಲಿ ಎಂಜಿನ್ ಕೆಲಸ ಮಾಡಿ ನಿವೃತ್ತನಾಗಿದ್ದೇನೆ, ಈಗ ಡೊಂಬಿವಲಿಯಲ್ಲಿ ವಾಸ. ಇಟಲಿ ಹತ್ತಿರ ಸಮುದ್ರದ ತಳದಲ್ಲಿ ಟೆಲಿಸ್ಕೋಪ್ ಕಟ್ಟಿ ಭಾರೀ ಶಕ್ತಿಯ ನ್ಯೂಟ್ರಿನೊ ಹಿಡಿದಿದ್ದಾರೆ ಅಂತ ಓದಿದೆ. ಆಕಾಶ ನೋಡೋಕೆ ಸಮುದ್ರದ ತಳಕ್ಕೆ ಯಾಕೆ ಹೋಗಬೇಕು? ಉಪ್ಪುನೀರು ಕಬ್ಬಿಣಕ್ಕೆ ಏನು ಮಾಡುತ್ತೆ ಅಂತ ನನಗೆ ಗೊತ್ತು. ಅಷ್ಟು ಆಳದಲ್ಲಿ ಎಲೆಕ್ಟ್ರಾನಿಕ್ಸ್ ಬಾಳುತ್ತಾ? ಕೆಟ್ಟರೆ ರಿಪೇರಿ ಯಾರು ಮಾಡ್ತಾರೆ? ನಮ್ಮ ಮುಂಬಯಿ ಅಥವಾ ಗೋವಾ ಎದುರಿಗೆ ಇಂಥದ್ದು ಕಟ್ಟೋಕಾಗಲ್ವಾ?

ಉತ್ತರ: ರಿಪೇರಿ ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ. ಒಳಗಿನ ಒಂದು ಬೋರ್ಡ್ ಸುಟ್ಟರೆ ಅದು ಅಲ್ಲೇ ಸತ್ತು ಬಿದ್ದಿರುತ್ತದೆ, ಉಳಿದವು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ನಿಮ್ಮ ಪ್ರಶ್ನೆಗಳಲ್ಲಿ ತೂಕದ್ದು ಇದೇ. ಈ ಟೆಲಿಸ್ಕೋಪಿನ ಪ್ರತಿಯೊಂದು ಗಾಜು, ಹಗ್ಗ, ಪ್ಲಗ್ ಹೀಗೇ ಇರಬೇಕು ಅಂತ ತೀರ್ಮಾನ ಆಗಿರುವುದು ಈ ಒಂದು ಕಾರಣದಿಂದ.

ನಾನು ಭೌತವಿಜ್ಞಾನಿಯಲ್ಲ. ಗೋವಾದಲ್ಲಿದ್ದುಕೊಂಡು ಸಮುದ್ರಕ್ಕೆ ಇಳಿಸುವ ಉಪಕರಣಗಳ ಎಲೆಕ್ಟ್ರಾನಿಕ್ಸ್ ನೋಡಿಕೊಂಡವನು. ಹಾಗಾಗಿ ನನ್ನ ಉತ್ತರ ನಟ್ಟು-ಬೋಲ್ಟಿನ ಕಡೆಗೆ ಸ್ವಲ್ಪ ಜಾಸ್ತಿಯೇ ವಾಲುತ್ತದೆ. ಪತ್ರಿಕೆಗಳಲ್ಲಿ ಈ ವಿಷಯ ಬಂದಾಗ ಬ್ಲ್ಯಾಕ್ ಹೋಲ್, ನಕ್ಷತ್ರದ ಸ್ಫೋಟ ಅಂತ ಎರಡನೇ ಸಾಲಿಗೇ ಬಾಹ್ಯಾಕಾಶಕ್ಕೆ ಹಾರಿಬಿಡುತ್ತಾರೆ. ನನ್ನ ಕಣ್ಣಿಗೆ ಇದು ಮುಕ್ಕಾಲು ಪಾಲು ಹಡಗು, ಹಗ್ಗ, ಕೇಬಲ್‌ಗಳ ಕೆಲಸ. ನಿಮ್ಮಂಥವರ ಕೆಲಸ.

ಮೊದಲು, ಸಮುದ್ರದ ತಳ ಯಾಕೆ ಅನ್ನುವುದನ್ನು ಬೇಗ ಮುಗಿಸುತ್ತೇನೆ. ನ್ಯೂಟ್ರಿನೊ ಅಂದರೆ ಪರಮಾಣುವಿಗಿಂತಲೂ ಬಹಳ ಸಣ್ಣ ಕಣ, ಅದಕ್ಕೆ ವಿದ್ಯುದಾವೇಶ ಇಲ್ಲ. ಯಾವುದಕ್ಕೂ ತಗುಲದೆ ಹೋಗುವುದೇ ಅದರ ಸ್ವಭಾವ. ಸೂರ್ಯನಿಂದ ಬರುವವನ್ನಷ್ಟೇ ಲೆಕ್ಕ ಹಿಡಿದರೂ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಸೆಕೆಂಡಿಗೆ ಆರು ಸಾವಿರ ಕೋಟಿಗೂ ಹೆಚ್ಚು ಹಾದುಹೋಗುತ್ತವೆ. ಡೊಂಬಿವಲಿಯಲ್ಲಿ ಕೂತ ನಿಮ್ಮ ಮೂಲಕವೂ ಹೋಗುತ್ತಿವೆ, ರಾತ್ರಿ ಹೊತ್ತು ಭೂಮಿಯನ್ನೇ ತೂರಿಕೊಂಡು ಕೆಳಗಿನಿಂದ ಬರುತ್ತವೆ. ಬಹಳ ಅಪರೂಪಕ್ಕೆ ಒಂದು ಮಾತ್ರ ಯಾವುದೋ ಪರಮಾಣುವಿನ ನ್ಯೂಕ್ಲಿಯಸ್‌ಗೆ ಡಿಕ್ಕಿ ಹೊಡೆಯುತ್ತದೆ. ಆಗ ಮ್ಯೂಯಾನ್ ಅನ್ನುವ ಇನ್ನೊಂದು ಕಣ ಹುಟ್ಟಬಹುದು. ಇದಕ್ಕೆ ಆವೇಶ ಇದೆ. ನೀರಿನಲ್ಲಿ ಬೆಳಕಿನ ವೇಗ ಕಾಲು ಭಾಗದಷ್ಟು ಕಡಿಮೆಯಾಗುತ್ತದಲ್ಲ, ಮ್ಯೂಯಾನ್ ಅದನ್ನು ಮೀರಿಸಿ ಓಡುತ್ತದೆ. ಓಡಿದ ದಾರಿಯುದ್ದಕ್ಕೂ ನೀಲಿ ಬೆಳಕು ಚೆಲ್ಲುತ್ತದೆ. ಅದೇ ಚೆರೆಂಕೋವ್ ಬೆಳಕು. ಮ್ಯೂಯಾನ್ ಹೋದ ದಿಕ್ಕಿಗೆ ಸುಮಾರು 42 ಡಿಗ್ರಿ ಕೋನದಲ್ಲಿ ಅದು ಹರಡುತ್ತದೆ. ಆ ಬೆಳಕು ಎಲ್ಲೆಲ್ಲಿ, ಎಷ್ಟು ಹೊತ್ತಿಗೆ ಮುಟ್ಟಿತು ಅಂತ ಗುರುತು ಹಾಕಿಕೊಂಡರೆ ಮ್ಯೂಯಾನ್ ಬಂದ ದಿಕ್ಕು ಸಿಗುತ್ತದೆ. ಶಕ್ತಿ ಜಾಸ್ತಿ ಇದ್ದಾಗ ನ್ಯೂಟ್ರಿನೊ ಬಂದ ದಿಕ್ಕೂ ಹೆಚ್ಚುಕಡಿಮೆ ಅದೇ.

ಡಿಕ್ಕಿ ಅಪರೂಪವಾದ್ದರಿಂದ ನೀರು ಬಹಳ ಬೇಕು. ಒಂದು ಘನ ಕಿಲೋಮೀಟರ್, ಅಂದರೆ ನೂರು ಕೋಟಿ ಟನ್. ಅಷ್ಟು ದೊಡ್ಡ ತೊಟ್ಟಿಯನ್ನು ಯಾರೂ ಕಟ್ಟಲಾರರು. ಇರುವ ಸಮುದ್ರಕ್ಕೋ ಕೆರೆಗೋ ಕಣ್ಣುಗಳನ್ನು ಇಳಿಬಿಟ್ಟರಾಯಿತು ಅಂತ 1960ರಲ್ಲಿ ಸೋವಿಯತ್ ವಿಜ್ಞಾನಿ ಮೊಯಿಸೆ ಮಾರ್ಕೊವ್ ಸೂಚಿಸಿದರು. ಆಳ ಬೇಕಾಗುವುದು ಎರಡು ಕಾರಣಕ್ಕೆ. ಸೂರ್ಯನ ಬೆಳಕು ಅಲ್ಲಿಗೆ ಇಳಿಯಬಾರದು. ಆಮೇಲೆ, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ಮ್ಯೂಯಾನ್‌ಗಳ ಮಳೆ ಮೇಲಿನಿಂದ ಸುರಿಯುತ್ತಲೇ ಇರುತ್ತದೆ, ಅದನ್ನು ಮೇಲಿನ ನೀರು ತಡೆಯಬೇಕು. ಮೂರೂವರೆ ಕಿಲೋಮೀಟರ್ ನೀರಿದ್ದರೂ ಪೂರ್ತಿ ತಡೆಯಲಾಗುವುದಿಲ್ಲ. ಆದ್ದರಿಂದ ಈ ಟೆಲಿಸ್ಕೋಪ್ ಮುಖ್ಯವಾಗಿ ಕೆಳಗೆ ನೋಡುತ್ತದೆ. ಭೂಮಿಯನ್ನು ದಾಟಿ ಕೆಳಗಿನಿಂದ ಬಂದ ಮ್ಯೂಯಾನ್ ನ್ಯೂಟ್ರಿನೊದಿಂದಲೇ ಹುಟ್ಟಿರಬೇಕು, ಬೇರೆ ಯಾವ ಕಣಕ್ಕೂ ಆ ದಾರಿ ಇಲ್ಲ.

ಇನ್ನು ಕಟ್ಟುವ ವಿಷಯ.

ನೀವು ಓದಿದ್ದು ಕೆಎಂ3ನೆಟ್ ಯೋಜನೆಯ ಸುದ್ದಿ. ಅದರಲ್ಲಿ ಎರಡು ಟೆಲಿಸ್ಕೋಪ್‌ಗಳಿವೆ. ಆರ್ಕಾ ಅನ್ನುವುದು ಸಿಸಿಲಿ ದ್ವೀಪದ ಕಾಪೊ ಪಾಸೆರೊ ಎದುರು, ಸುಮಾರು 3,500 ಮೀಟರ್ ಆಳದಲ್ಲಿದೆ. ಓರ್ಕಾ ಫ್ರಾನ್ಸಿನ ಟೂಲೋನ್ ಎದುರು 2,450 ಮೀಟರ್ ಆಳದಲ್ಲಿದೆ. ದೂರದ ಆಕಾಶ ಆರ್ಕಾದ ಪಾಲು. ನ್ಯೂಟ್ರಿನೊಗಳದೇ ಗುಣ, ಅವುಗಳಲ್ಲಿ ಯಾವ ಬಗೆ ಹಗುರ, ಯಾವುದು ಭಾರ ಅಂತ ತಿಳಿಯುವುದು ಓರ್ಕಾದ ಪಾಲು. ಓರ್ಕಾವನ್ನು ಇಲ್ಲಿಗೇ ಬಿಡೋಣ.

ಆರ್ಕಾದ ಕಣ್ಣು ಅಂದರೆ 17 ಇಂಚು ವ್ಯಾಸದ ದಪ್ಪ ಗಾಜಿನ ಗೋಳ. ಒಳಗೆ ಮೂರು ಇಂಚಿನ 31 ಫೋಟೋಮಲ್ಟಿಪ್ಲೈಯರ್ ಟ್ಯೂಬ್‌ಗಳು. ಒಂದೇ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಬಿದ್ದರೂ ಅಳೆಯಬಲ್ಲ ವಿದ್ಯುತ್ ಮಿಡಿತ ಕೊಡುತ್ತವೆ. 31ರಲ್ಲಿ 19 ಕೆಳಗಿನ ಅರ್ಧದಲ್ಲಿವೆ, 12 ಮೇಲಿನ ಅರ್ಧದಲ್ಲಿವೆ. ಕೆಳಗೆ ನೋಡುವುದೇ ಮುಖ್ಯ ಅಂದೆನಲ್ಲ, ಅದಕ್ಕೆ. ಟ್ಯೂಬಿಗೂ ಗಾಜಿಗೂ ನಡುವೆ ಪಾರದರ್ಶಕ ಜೆಲ್ ತುಂಬುತ್ತಾರೆ. ಅಲ್ಲಿ ಗಾಳಿ ಉಳಿದರೆ ಬೆಳಕು ವಾಪಸ್ ಪುಟಿದು ಹೋಗುತ್ತದೆ.

ನಿಮಗೆ ಕುತೂಹಲ ಇರುವುದು ಒತ್ತಡದ ಬಗ್ಗೆ ಅಂತ ನನ್ನ ಊಹೆ. 3,500 ಮೀಟರಿನಲ್ಲಿ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 350 ಕಿಲೋ. ಗೋಳದ ಪೂರ್ತಿ ಮೈಗೆ ಲೆಕ್ಕ ಹಾಕಿದರೆ 2,000 ಟನ್ ದಾಟುತ್ತದೆ. ತಮಾಷೆ ಏನೆಂದರೆ ಗಾಜಿಗೆ ಇದು ಇಷ್ಟ. ಎಳೆದರೆ ಗಾಜು ಪಟ್ಟನೆ ಒಡೆಯುತ್ತದೆ, ಎಲ್ಲ ಕಡೆಯಿಂದ ಸಮವಾಗಿ ಅದುಮಿದರೆ ತಡೆದುಕೊಳ್ಳುತ್ತದೆ. ಗೋಳ ಎರಡು ಅರ್ಧಗಳಾಗಿ ಬರುತ್ತದೆ. ಅವುಗಳ ಅಂಚನ್ನು ನುಣ್ಣಗೆ ಉಜ್ಜಿರುತ್ತಾರೆ. ಎರಡನ್ನೂ ಸೇರಿಸಿ ಒಳಗಿನ ಗಾಳಿ ಸ್ವಲ್ಪ ತೆಗೆದರೆ ಹೊರಗಿನ ಗಾಳಿಯೇ ಅವನ್ನು ಅದುಮಿ ಹಿಡಿಯುತ್ತದೆ. ಆಮೇಲೆ ಸುತ್ತ ಸೀಲ್ ಮಾಡಿ ಟೇಪ್ ಸುತ್ತುತ್ತಾರೆ. ಬೋಲ್ಟ್ ಇಲ್ಲ, ಫ್ಲ್ಯಾಂಜ್ ಇಲ್ಲ. ಆಳಕ್ಕೆ ಹೋದಷ್ಟೂ ಜೋಡಣೆ ಬಿಗಿಯಾಗುತ್ತದೆ. ಆದರೆ ಆ ಅಂಚಿನಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೆ ಅಷ್ಟೂ ಒತ್ತಡ ಆ ಒಂದು ಬಿಂದುವಿನ ಮೇಲೆ ಕೂರುತ್ತದೆ. ಅಲ್ಲಿಂದ ಗಾಜಿನ ಚಕ್ಕೆ ಏಳುತ್ತದೆ.

ನಮ್ಮ ಲ್ಯಾಬಿನಲ್ಲೂ ಇದೇ ಕಥೆ. ಪ್ರವಾಹ ಅಳೆಯುವ ಮೀಟರ್ ಮುಚ್ಚುವ ಮುಂಚೆ ಒ-ರಿಂಗನ್ನು, ಅಂದರೆ ನೀರು ತಡೆಯುವ ರಬ್ಬರ್ ಬಳೆಯನ್ನು, ಬೆರಳ ತುದಿಯಲ್ಲಿ ಒಂದು ಸುತ್ತು ಸವರುತ್ತೇವೆ. ಗ್ರೀಸ್ ಹಚ್ಚಿ ದೀಪದ ಕೆಳಗೆ ತಿರುಗಿಸಿ ನೋಡುತ್ತೇವೆ. ಒಂದು ತಲೆಗೂದಲು ಅಡ್ಡ ಬಿದ್ದಿದ್ದರೂ ಸಾಕು, ನೀರು ಅದರ ಪಕ್ಕದಿಂದಲೇ ದಾರಿ ಮಾಡಿಕೊಳ್ಳುತ್ತದೆ. ನಮ್ಮ ಮೀಟರ್ ಆದರೆ ಮುಂದಿನ ವರ್ಷ ಮೇಲಕ್ಕೆ ಬರುತ್ತದೆ. ಆರ್ಕಾದ ಗೋಳ ಸಾಮಾನ್ಯವಾಗಿ ಬರುವುದಿಲ್ಲ. ಅದಕ್ಕೇ ಗೋಳಕ್ಕೆ ಒಂದೇ ತೂತು. ಕರೆಂಟಿನ ತಂತಿ, ದತ್ತಾಂಶದ ಫೈಬರ್ ಎರಡೂ ಆ ಒಂದರಲ್ಲೇ ಒಳಗೆ ಹೋಗಬೇಕು. ಒಂದು ಗೋಳ ತಿನ್ನುವ ವಿದ್ಯುತ್ತು ಏಳೆಂಟು ವಾಟ್ ಅಷ್ಟೇ, ಒಂದು ಎಲ್ಇಡಿ ಬಲ್ಬಿನಷ್ಟು.

ತುಕ್ಕಿನ ಮಾತಿಗೆ ಬಂದರೆ, ನೀವು ನೋಡಿದ್ದು ಸಮುದ್ರದ ಮೇಲ್ಮೈಯನ್ನು. ಗಾಳಿ, ಬಿಸಿಲು, ಉಪ್ಪು ಮೂರೂ ಸೇರುವ ಜಾಗ ಅದು. ಟಗ್‌ನ ಹೊಟ್ಟೆಗೆ ಅಂಟುವ ಚಿಪ್ಪುಜೀವಿಗಳ ಕಾಟವೂ ಅಲ್ಲೇ. ಮೂರು ಕಿಲೋಮೀಟರ್ ಕೆಳಗೆ ಆ ಕಾಟ ಇಲ್ಲ. ಗಾಜಿಗೆ ತುಕ್ಕು ಹಿಡಿಯುವುದಿಲ್ಲ, ಲೋಹ ಬೇಕಾದ ಕಡೆ ಟೈಟಾನಿಯಂ ಬಳಸುತ್ತಾರೆ. ದುಬಾರಿ, ಆದರೆ ಅಲ್ಲಿ ಚೌಕಾಸಿ ಮಾಡಿದವರಿಗೆ ಸಮುದ್ರವೇ ಬುದ್ಧಿ ಕಲಿಸುತ್ತದೆ.

ಇಂಥ 18 ಗೋಳಗಳನ್ನು 36 ಮೀಟರಿಗೊಂದರಂತೆ ಎರಡು ತೆಳು ಹಗ್ಗಗಳಿಗೆ ಕಟ್ಟುತ್ತಾರೆ. ಡೈನೀಮಾ ಹಗ್ಗ, ಬರೀ ನಾಲ್ಕು ಮಿಲಿಮೀಟರ್ ದಪ್ಪ. ಕೆಳಗೆ ಲಂಗರು, ಮೇಲೆ ತೇಲುಬುರುಡೆ, ಒಟ್ಟು ಎತ್ತರ ಸುಮಾರು 700 ಮೀಟರ್. ಪಕ್ಕದಲ್ಲಿ ಒಂದು ಸಣ್ಣ ಕೊಳವೆ ಹೋಗುತ್ತದೆ, ಅದರೊಳಗೆ ಫೈಬರ್ ಮತ್ತು ತಾಮ್ರ. ಕೊಳವೆಗೆ ಎಣ್ಣೆ ತುಂಬಿರುತ್ತಾರೆ. ಎಣ್ಣೆ ಇದ್ದರೆ ಒಳಗೂ ಹೊರಗೂ ಒತ್ತಡ ಸಮ, ಕೊಳವೆ ಚಪ್ಪಟೆಯಾಗುವ ಪ್ರಶ್ನೆಯೇ ಇಲ್ಲ. ಒತ್ತಡದ ಜೊತೆ ಗುದ್ದಾಡಬೇಡ, ಒಳಗೆ ಬಿಟ್ಟುಕೋ ಅನ್ನುವ ಈ ಉಪಾಯ ನನಗೆ ಬಹಳ ಇಷ್ಟ.

ಇಷ್ಟುದ್ದದ ಸರವನ್ನು ಹಡಗಿನಿಂದ ಇಳಿಬಿಡುತ್ತಾ ಹೋದರೆ ಅಲೆಗೆ ಸಿಕ್ಕಿ ಗೋಜಲಾಗುತ್ತದೆ, ಅಲ್ವಾ? ಅದಕ್ಕೆ ಇಡೀ ಸರವನ್ನು ಎರಡು ಮೀಟರಿಗಿಂತ ಸ್ವಲ್ಪ ದೊಡ್ಡದಾದ ಗುಂಡು ಚೌಕಟ್ಟಿಗೆ ಸುತ್ತುತ್ತಾರೆ, ಗಾಳಿಪಟದ ಫಿರ್ಕಿಗೆ ಮಾಂಜಾ ಸುತ್ತಿದ ಹಾಗೆ. ಹಡಗಿನ ಕ್ರೇನು ಅದನ್ನು ಲಂಗರಿನ ಸಮೇತ ತಳಕ್ಕೆ ಇಳಿಸುತ್ತದೆ. ಗೊತ್ತು ಮಾಡಿದ ಜಾಗಕ್ಕೆ ಒಂದೆರಡು ಮೀಟರ್ ಹೆಚ್ಚುಕಡಿಮೆಯಲ್ಲಿ ಕೂರಬೇಕು. ಕೆಳಗೆ ಆರ್‌ಒವಿ, ಅಂದರೆ ಹಡಗಿನಿಂದಲೇ ನಡೆಸುವ ಮಾನವರಹಿತ ಯಂತ್ರ, ಕ್ಯಾಮೆರಾ ಹಿಡಿದು ನೋಡಿಕೊಳ್ಳುತ್ತದೆ. ಎಲ್ಲ ಸರಿ ಅನ್ನಿಸಿದ ಮೇಲೆ ಚೌಕಟ್ಟನ್ನು ಬಿಡಿಸುತ್ತಾರೆ. ಅದು ಉರುಳುತ್ತಾ ಮೇಲೇಳುತ್ತದೆ, ಗೋಳಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಸರ ಪೂರ್ತಿ ನಿಂತ ಮೇಲೆ ಖಾಲಿ ಚೌಕಟ್ಟು ನೀರಿನ ಮೇಲೆ ತೇಲಿಬರುತ್ತದೆ. ಅದನ್ನು ಹಿಡಿದು ಮುಂದಿನ ಸರಕ್ಕೆ ಬಳಸುತ್ತಾರೆ. ಪೂರ್ತಿ ಆರ್ಕಾ ಅಂದರೆ 90 ಮೀಟರಿಗೊಂದು ಸರದಂತೆ 230 ಸರಗಳು, 4,140 ಗೋಳಗಳು. ಮೊದಲ ಸರ ನಿಂತಿದ್ದು 2015ರ ಡಿಸೆಂಬರಿನಲ್ಲಿ. ಒಂದೇ ಸಲಕ್ಕೆ ಮುಗಿಯುವ ಕೆಲಸ ಅಲ್ಲ. ಒಳ್ಳೆಯ ಹವೆ, ಹಡಗು, ಆರ್‌ಒವಿ ಮೂರೂ ಒಟ್ಟಿಗೆ ಸಿಕ್ಕಾಗ ಕೆಲವು ಸರಗಳನ್ನು ನಿಲ್ಲಿಸಿ ಬರುತ್ತಾರೆ.

ಸರ ನಿಂತ ಮೇಲೆ ಆರ್‌ಒವಿ ಅದರ ಪ್ಲಗ್ಗನ್ನು ತಳದಲ್ಲಿರುವ ಜಂಕ್ಷನ್ ಬಾಕ್ಸಿಗೆ ನೀರಿನಲ್ಲೇ ಚುಚ್ಚುತ್ತದೆ. ಅಲ್ಲಿಂದ ದಡದ ಪೋರ್ಟೊಪಾಲೊಗೆ ಸುಮಾರು 100 ಕಿಲೋಮೀಟರ್ ಕೇಬಲ್. ಕರೆಂಟು ಇಳಿಯುವುದು, ದತ್ತಾಂಶ ಏರುವುದು ಎರಡೂ ಇದರಲ್ಲೇ. ಕೆಳಗೆ ಲೆಕ್ಕಾಚಾರ ಏನೂ ಇಲ್ಲ. ಟ್ಯೂಬ್‌ಗಳಿಗೆ ಕಂಡದ್ದನ್ನೆಲ್ಲ ಹಾಗೇ ದಡಕ್ಕೆ ಕಳಿಸುತ್ತಾರೆ, ಜರಡಿ ಹಿಡಿಯುವುದು ದಡದ ಕಂಪ್ಯೂಟರ್‌ಗಳು. ಕೆಡುವಂಥ ಭಾಗಗಳೆಲ್ಲ ಕೈಗೆಟಕುವ ಜಾಗದಲ್ಲಿರಲಿ ಅನ್ನುವ ಜಾಣತನ.

ಈ ಜಾಣತನ ಪುಕ್ಕಟೆ ಬಂದಿದ್ದಲ್ಲ. ಹವಾಯಿ ದ್ವೀಪದ ಎದುರು ಡುಮಾಂಡ್ ಅನ್ನುವ ಟೆಲಿಸ್ಕೋಪಿಗೆ ಅಮೆರಿಕದವರು ವರ್ಷಗಟ್ಟಲೆ ದುಡಿದರು. 1987ರಲ್ಲಿ ಹಡಗಿನಿಂದ ಒಂದು ಸಣ್ಣ ಸರ ಇಳಿಬಿಟ್ಟು ಪರೀಕ್ಷೆಯನ್ನೂ ಮಾಡಿದ್ದರು. 1993ರ ಡಿಸೆಂಬರಿನಲ್ಲಿ ಮೊದಲ ನಿಜವಾದ ಸರ ಇಳಿಸಿದರು. ನೀರು ಸೋರಿತು, ಶಾರ್ಟ್ ಆಯಿತು, ಒಂದು ದಿನವೂ ಬಾಳಲಿಲ್ಲ. 1995ರಲ್ಲಿ ಹಣವೂ ನಿಂತಿತು. ಭೌತವಿಜ್ಞಾನದ ಲೆಕ್ಕ ಸರಿಯಾಗಿಯೇ ಇತ್ತು, ಸೋತಿದ್ದು ಸೀಲು. ಸೈಬೀರಿಯಾದ ಬೈಕಲ್ ಸರೋವರದವರು ಬೇರೆ ದಾರಿ ಹಿಡಿದರು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಅದರ ಮೇಲೇ ಕ್ಯಾಂಪ್ ಹಾಕಿ, ಮಂಜಿಗೆ ತೂತು ಕೊರೆದು ಸರ ಇಳಿಸುತ್ತಾರೆ. ಅವರು ಬೇಕಾದರೆ ಮರುವರ್ಷ ಎತ್ತಿ ರಿಪೇರಿಯನ್ನೂ ಮಾಡಬಹುದು! ಟೂಲೋನ್ ಎದುರು 12 ಸರಗಳ ಆಂಟಾರೆಸ್ 2008ರಲ್ಲಿ ಪೂರ್ತಿಯಾಗಿ 2022ರವರೆಗೆ ನಡೆಯಿತು. ಉಪ್ಪುನೀರಿನಲ್ಲಿ ಬಾಳುತ್ತಾ ಅನ್ನುವ ನಿಮ್ಮ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಕೊಟ್ಟಿದ್ದು ಅದೇ.

ದಕ್ಷಿಣ ಧ್ರುವದ ಐಸ್‌ಕ್ಯೂಬ್ ಈ ಉಪ್ಪಿನ ಸಹವಾಸವೇ ಬೇಡ ಅಂತ ಮಂಜಿನೊಳಗೆ ಹೋಯಿತು. 2010ರ ಕೊನೆಗೆ 86 ಸರಗಳೂ ಇಳಿದವು, 2013ರಲ್ಲಿ ಸೌರಮಂಡಲದಾಚೆಯ ಭಾರೀ ಶಕ್ತಿಯ ನ್ಯೂಟ್ರಿನೊಗಳು ಸಿಕ್ಕವು. ಹಾಗಾದರೆ ಸಮುದ್ರ ಇನ್ನೂ ಯಾಕೆ ಬೇಕು? ಮಂಜಿನಲ್ಲಿ ಬೆಳಕು ಬಹಳ ಚದುರುತ್ತದೆ, ಆಳದ ಸಮುದ್ರದ ನೀರಿನಲ್ಲಿ ಕಡಿಮೆ. ಹಾಗಾಗಿ ದಿಕ್ಕು ಹೆಚ್ಚು ನಿಖರವಾಗಿ ಸಿಗುತ್ತದೆ. ಇನ್ನೊಂದು, ಕೆಳಗೆ ನೋಡುವ ಟೆಲಿಸ್ಕೋಪಿಗೆ ಕಾಣುವುದು ಭೂಮಿಯ ಆಚೆ ಬದಿಯ ಆಕಾಶ. ದಕ್ಷಿಣ ಧ್ರುವದಿಂದ ಉತ್ತರದ ಆಕಾಶ ಚೆನ್ನಾಗಿ ಕಾಣುತ್ತದೆ. ನಮ್ಮ ಆಕಾಶಗಂಗೆಯ ಕೇಂದ್ರ ಇರುವುದು ದಕ್ಷಿಣದ ಕಡೆ. ಅದನ್ನು ಭೂಮಿಯ ಮೂಲಕ ನೋಡಬೇಕಾದರೆ ಮೆಡಿಟರೇನಿಯನ್ನಿನಂಥ ಉತ್ತರದ ಸಮುದ್ರವೇ ಬೇಕು.

ಸಮುದ್ರಕ್ಕೆ ತನ್ನದೇ ಕಿರಿಕಿರಿಗಳೂ ಇವೆ. ಸರಗಳು ಅಲ್ಲಾಡುತ್ತವೆ. ತಳದ ಪ್ರವಾಹ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಇದ್ದರೂ 700 ಮೀಟರ್ ಎತ್ತರದ ತುದಿ ಹಲವು ಮೀಟರ್ ಪಕ್ಕಕ್ಕೆ ವಾಲುತ್ತದೆ. ನೀರಿನಲ್ಲಿ ಬೆಳಕು ಒಂದು ನ್ಯಾನೊಸೆಕೆಂಡಿಗೆ 22 ಸೆಂಟಿಮೀಟರ್ ಹೋಗುತ್ತದೆ. ಅಂದ ಮೇಲೆ ಪ್ರತಿ ಗೋಳ ಎಲ್ಲಿದೆ ಅನ್ನುವುದೂ ಗೇಣುದ್ದದ ಒಳಗೆ ಗೊತ್ತಿರಬೇಕು. ತಳದಲ್ಲಿರುವ ಬೀಕನ್‌ಗಳು ಶಬ್ದ ಹೊರಡಿಸುತ್ತವೆ, ಗೋಳದ ಒಳಗೆ ಅಂಟಿಸಿದ ಪೀಜೊ ಸೆನ್ಸರ್ ಅದನ್ನು ಕೇಳಿ ಸಮಯ ಹೇಳುತ್ತದೆ. ದಿಕ್ಕು, ಓರೆ ಹೇಳೋಕೆ ಒಳಗೇ ದಿಕ್ಸೂಚಿ ಇದೆ.

ಕತ್ತಲೆ ಅಂದುಕೊಂಡ ಜಾಗ ಪೂರ್ತಿ ಕತ್ತಲೆಯೂ ಅಲ್ಲ. ಸಮುದ್ರದ ಉಪ್ಪಿನಲ್ಲಿ ಪೊಟ್ಯಾಸಿಯಂ-40 ಅನ್ನುವ ವಿಕಿರಣಶೀಲ ಧಾತು ಇದೆ. ಒಂದು ಲೀಟರ್ ನೀರಿನಲ್ಲಿ ಸೆಕೆಂಡಿಗೆ ಹನ್ನೆರಡರಷ್ಟು ಪರಮಾಣುಗಳು ಸಿಡಿಯುತ್ತವೆ, ಒಂದೊಂದೂ ಚೂರು ಬೆಳಕು ಬಿಡುತ್ತದೆ. ಟ್ಯೂಬ್‌ಗಳಿಗೆ ಸೆಕೆಂಡಿಗೆ ಸಾವಿರಾರು ಸಲ ಸುಮ್ಸುಮ್ನೆ ಮಿಡಿತ ಬರುವುದು ಇದರಿಂದ. ಒಂದೇ ಗೋಳದ ಹಲವು ಟ್ಯೂಬ್‌ಗಳು ಒಟ್ಟಿಗೆ ಮಿಡಿದರೆ ಮಾತ್ರ ಗಮನ ಕೊಡುವುದು ಅಂತ ಇಟ್ಟುಕೊಂಡು ಈ ಗದ್ದಲವನ್ನು ಬಹಳಷ್ಟು ಕಳೆಯುತ್ತಾರೆ. ಅದೇ ಗದ್ದಲವನ್ನು ಬಳಸಿ ಟ್ಯೂಬ್‌ಗಳ ಸಮಯ ಸರಿಹೊಂದಿಸಿಕೊಳ್ಳುತ್ತಾರೆ ಕೂಡ. ಮಿನುಗುವ ಜೀವಿಗಳು ಇನ್ನೊಂದು ಕಾಟ. ಅದನ್ನು ಮುಂದೆ ಹೇಳುತ್ತೇನೆ, ನಮ್ಮ ಕರಾವಳಿಗೆ ಅದು ಸಂಬಂಧಪಟ್ಟದ್ದು.

ಇಷ್ಟೆಲ್ಲ ಮಾಡಿದ್ದಕ್ಕೆ ಸಿಕ್ಕಿದ್ದೇನು? 2023ರ ಫೆಬ್ರವರಿ 13ರಂದು, ಆರ್ಕಾದಲ್ಲಿ ಇನ್ನೂ 21 ಸರಗಳಷ್ಟೇ ಇದ್ದಾಗ, ಒಂದು ಮ್ಯೂಯಾನ್ ಹೆಚ್ಚುಕಡಿಮೆ ಅಡ್ಡಡ್ಡ ಹಾದುಹೋಯಿತು. ಒಂದೇ ಕಣಕ್ಕೆ ಮೂರನೇ ಒಂದು ಭಾಗದಷ್ಟು ಟ್ಯೂಬ್‌ಗಳು ಬೆಳಕು ಕಂಡವು. ಹುಟ್ಟಿಸಿದ ನ್ಯೂಟ್ರಿನೊದ ಶಕ್ತಿ ಸುಮಾರು 220 ಪೆಟಾ ಎಲೆಕ್ಟ್ರಾನ್ ವೋಲ್ಟ್ ಅಂತ ಅಂದಾಜು, ಜಿನೀವಾದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ದೊಡ್ಡ ಯಂತ್ರ ಎಲ್‌ಎಚ್‌ಸಿ ಒಂದು ಪ್ರೋಟಾನಿಗೆ ಕೊಡುವ ಶಕ್ತಿಯ 30,000 ಪಟ್ಟು. ಎರಡು ವರ್ಷ ಲೆಕ್ಕ ತಾಳೆ ನೋಡಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿದರು. ಅಡ್ಡಡ್ಡ ಬಂದದ್ದೂ ಸಹಜವೇ. ಇಷ್ಟು ಶಕ್ತಿ ಇದ್ದಾಗ ನ್ಯೂಟ್ರಿನೊ ಕೂಡ ಭೂಮಿಯನ್ನು ಪೂರ್ತಿ ದಾಟಲಾರದು, ಒಳಗೇ ಇಂಗಿಹೋಗುತ್ತದೆ. ದಿಗಂತದ ಹತ್ತಿರದಿಂದ, ನೂರಾರು ಕಿಲೋಮೀಟರ್ ಬಂಡೆ-ನೀರು ದಾಟಿ ಬಂದದ್ದು ಮಾತ್ರ ಸಿಗುತ್ತದೆ.

ಈಗ ಮುಂಬಯಿ. ನೇರವಾಗಿ ಹೇಳುತ್ತೇನೆ, ಆಗುವುದಿಲ್ಲ. ಮುಂಬಯಿ ಹೈ ತೈಲಕ್ಷೇತ್ರ ದಡದಿಂದ 160 ಕಿಲೋಮೀಟರ್ ದೂರ, ಅಲ್ಲೂ ಆಳ ಬರೀ 75 ಮೀಟರಿನ ಆಸುಪಾಸು. ನಮ್ಮ ಪಶ್ಚಿಮ ಕರಾವಳಿಯ ಆಳವಿಲ್ಲದ ತಟ್ಟು ಅತಿ ಅಗಲವಾಗಿರುವುದೇ ಆ ಕಡೆ. ಸಿಸಿಲಿಯಲ್ಲಿ 100 ಕಿಲೋಮೀಟರ್ ಕೇಬಲ್ ಎಳೆದರೆ ಮೂರೂವರೆ ಕಿಲೋಮೀಟರ್ ಆಳ ಸಿಕ್ಕಿತು, ಮುಂಬಯಿಯಿಂದ ಅದರ ಹಲವು ಪಟ್ಟು ಹೋಗಬೇಕು. ದಾರಿಯುದ್ದಕ್ಕೂ ಟ್ರಾಲರ್‌ಗಳ ಬಲೆ, ಹಡಗುಗಳ ಲಂಗರು. ವರ್ಸೋವಾಕ್ಕೆ ಬರುವ ಇಂಟರ್‌ನೆಟ್ ಕೇಬಲ್‌ಗಳಿಗೂ ಇದೇ ಭಯ, ಅದಕ್ಕೇ ದಡದ ಹತ್ತಿರ ಅವನ್ನು ನೆಲದಲ್ಲಿ ಹೂಳುತ್ತಾರೆ. ಗೋವಾ ಎದುರು ತಟ್ಟು ಕಿರಿದಾಗುತ್ತದೆ, ಆದರೂ ಅಂಚು ಮುಟ್ಟುವಷ್ಟರಲ್ಲೇ ಸಿಸಿಲಿಯವರ ಕೇಬಲ್ ಮುಗಿದಿರುತ್ತದೆ.

ದೂರವನ್ನು ದುಡ್ಡಿನಿಂದ ಗೆಲ್ಲಬಹುದು. ನನಗೆ ಅನುಮಾನ ಇರುವುದು ನೀರಿನ ಬಗ್ಗೆ. ಅರಬ್ಬಿ ಸಮುದ್ರ ಜೀವ ತುಂಬಿದ ಸಮುದ್ರ. ಮಳೆಗಾಲದ ಗಾಳಿಗೆ ಕೆಳಗಿನ ಪೋಷಕಾಂಶ ಮೇಲೇಳುತ್ತದೆ, ಪಾಚಿ ಹಬ್ಬುತ್ತದೆ, ಸತ್ತದ್ದೆಲ್ಲ ತಳಕ್ಕೆ ಉದುರುತ್ತದೆ. ಇಲ್ಲಿ ದೋನಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಜೊತೆ ಸೇರಿ 1986ರಿಂದ ಆಳದಲ್ಲಿ ಬೋಗುಣಿ ಇಟ್ಟು ಈ ಉದುರನ್ನು ಹಿಡಿದು ತೂಗಿದ್ದಾರೆ. ಮಳೆಗಾಲದಲ್ಲಿ ಅದು ಹೆಚ್ಚುವುದು ಸ್ಪಷ್ಟ. ಗೋಳದ ನೆತ್ತಿಯ ಮೇಲೆ ಅದು ಕೂರುತ್ತದೆ. ಜೊತೆಗೆ ಆಳದಲ್ಲಿ ಮಿನುಗುವ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಆಂಟಾರೆಸ್‌ನವರಿಗೆ 2009 ಮತ್ತು 2010ರಲ್ಲಿ ಇದರ ಬಿಸಿ ತಟ್ಟಿತು. ಚಳಿಗಾಲದಲ್ಲಿ ಮೇಲಿನ ತಣ್ಣನೆ ನೀರು ತಳಕ್ಕೆ ಕುಸಿದು ತಾಜಾ ಆಹಾರ ಇಳಿಯಿತು, ಎರಡೂವರೆ ಕಿಲೋಮೀಟರ್ ಆಳದ ಟ್ಯೂಬ್‌ಗಳ ಮುಂದೆ ಬೆಳಕಿನ ಜಾತ್ರೆ. ಜುಹು ದಡದಲ್ಲಿ ಕೆಲವು ಸಲ ಅಲೆ ನೀಲಿಯಾಗಿ ಹೊಳೆಯುವುದನ್ನು ನೀವೂ ಕೇಳಿರುತ್ತೀರಿ. ಆ ಜೀವಿ ಬೇರೆ, ಅದು ಮೇಲ್ಮೈಯಲ್ಲೇ ಇರುವಂಥದ್ದು. ಆದರೆ ಇಷ್ಟು ಫಲವತ್ತಾದ ನೀರಿನ ಕೆಳಗೆ ಕತ್ತಲೆ ಎಷ್ಟು ಗಟ್ಟಿ ಅನ್ನುವುದನ್ನು ಅಳೆಯದೆ ಒಂದು ರೂಪಾಯಿಯನ್ನೂ ಹಾಕಬಾರದು.

ಹಾಗಂತ ನಮಗೂ ಇದಕ್ಕೂ ಸಂಬಂಧವೇ ಇಲ್ಲ ಅಂದುಕೊಳ್ಳಬೇಡಿ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಮೊದಲು ಗುರುತಿಸಿದ್ದು 1965ರಲ್ಲಿ, ಎರಡು ಚಿನ್ನದ ಗಣಿಗಳಲ್ಲಿ. ಒಂದು ದಕ್ಷಿಣ ಆಫ್ರಿಕಾದ್ದು, ಇನ್ನೊಂದು ನಮ್ಮ ಕೋಲಾರದ್ದು. ಕೋಲಾರದ ಕೆಲಸ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಮ್ ಮೂವರು ಸೇರಿ 2.3 ಕಿಲೋಮೀಟರ್ ಆಳದಲ್ಲಿ ಮಾಡಿದ್ದು. ಅದಕ್ಕೂ ಮುಂಚೆ, 1951ರಲ್ಲೇ, ಹೋಮಿ ಭಾಭಾ ಅವರು ಮ್ಯೂಯಾನ್ ಅಳೆಯಲು ಆ ಗಣಿಗೆ ಕಳಿಸಿದ್ದು ನಮ್ಮ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಅವರನ್ನು. ಮುಂದೆ ಅವರು ಅದೇ ಸಂಸ್ಥೆಯ ನಿರ್ದೇಶಕರೂ ಆದರು. ಆಫ್ರಿಕಾದ ಗಣಿಯಲ್ಲಿದ್ದ ಅಮೆರಿಕದ ವಿಜ್ಞಾನಿ ಫ್ರೆಡ್ ರೈನ್ಸ್ ಆಮೇಲೆ ಡುಮಾಂಡ್ ಕಟ್ಟಲು ಹೊರಟವರಲ್ಲಿ ಒಬ್ಬರು. ಗಣಿಯಿಂದ ಸಮುದ್ರಕ್ಕೆ ಹೋದ ದಾರಿ ಇದು.

ನಮ್ಮಲ್ಲಿ ಯಾರಾದರೂ ನಿಜವಾಗಿ ಕೈಹಾಕುವುದಾದರೆ ಶುರು ಮಾಡಬೇಕಾದ್ದು ಟೆಲಿಸ್ಕೋಪಿನಿಂದ ಅಲ್ಲ. ಕೆನಡಾ, ಜರ್ಮನಿಯವರು ಸೇರಿ ಪೆಸಿಫಿಕ್‌ನ ಕ್ಯಾಸ್ಕೇಡಿಯಾ ಬೇಸಿನ್‌ನಲ್ಲಿ 2018ರಲ್ಲಿ ಎರಡು ಸಣ್ಣ ಸರ ಇಳಿಸಿ ವರ್ಷಗಟ್ಟಲೆ ನೀರನ್ನೇ ನೋಡಿದರು. ಚೀನಾದವರು 2021ರಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಇಂಥದ್ದೇ ಒಂದು ಚಿಕ್ಕ ಪರೀಕ್ಷೆ ಮಾಡಿದರು. ನಾವೂ ತಟ್ಟಿನಿಂದ ಬಹಳ ಆಚೆ, ಮೂರು ಕಿಲೋಮೀಟರಿಗಿಂತ ಆಳದಲ್ಲಿ, ಒಂದು ದೀಪ, ಕೆಲವು ಟ್ಯೂಬ್, ಒಂದು ಕ್ಯಾಮೆರಾ, ಪ್ರವಾಹದ ಮೀಟರ್ ಕಟ್ಟಿದ ಸರ ಇಳಿಬಿಡಬೇಕು. ದೀಪದ ನೀಲಿ ಬೆಳಕು ಎಷ್ಟು ಮೀಟರ್ ಹೋಗುತ್ತದೆ, ಮಿನುಗು ಎಷ್ಟು, ಗಾಜಿನ ಮೇಲೆ ಕೂರುವ ಕಸ ಎಷ್ಟು ಅಂತ ನೋಡಬೇಕು. ಮೆಡಿಟರೇನಿಯನ್ನಿನಲ್ಲಿ ನೀಲಿ ಬೆಳಕು 60-70 ಮೀಟರ್ ಹೋದ ಮೇಲೂ ಮೂರನೇ ಒಂದು ಭಾಗದಷ್ಟು ಉಳಿದಿರುತ್ತದೆ, ನಮ್ಮದು ಅದರ ಹತ್ತಿರ ಬರಬೇಕು. ಹಡಗುಗಳಿವೆ. 6,000 ಮೀಟರ್ ಇಳಿಯಲೆಂದು ಮಾಡಿದ ರೋಸಬ್ ಅನ್ನುವ ಆರ್‌ಒವಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಹತ್ತಿರ ಇದೆ. ಸರ ಕನಿಷ್ಠ ಎರಡು ಮಳೆಗಾಲ ನೀರಿನಲ್ಲಿರಬೇಕು, ಜೂನ್‌ಗೆ ಮುಂಚೆ ಇಳಿಸಬೇಕು. ಜೂನ್ ಆದ ಮೇಲೆ ಆ ಸಮುದ್ರದಲ್ಲಿ ಹಡಗಿನ ಹಿಂದೆ ಕ್ರೇನು ನಡೆಸುವುದು ಹೇಗಿರುತ್ತದೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.